ಐದು ಹನಿ, ಐದು ತಿಂಗಳು

ಬೆಟಗೇರಿಯ ಅಂಗಡಿಕಾರ ಶಿವಯೋಗಿಗೆ ಸಾಕುಸಾಕಾಗಿತ್ತು. ಹೆಂಡತಿ ಶೈಲಾ ಹೆರಿಗೆಗೆಂದು ಶಿರಹಟ್ಟಿಯ ತವರಿಗೆ ಹೋಗಿದ್ದಳು. ಕೂಸಿಗೆ ಎರಡು ತಿಂಗಳು ತುಂಬಿತ್ತು. ಇತ್ತ ತಾನೇ ಬಡಿದುಕೊಂಡ ರೊಟ್ಟಿ ತಿಂದು ತಿಂದು (ಅದನ್ನು ರೊಟ್ಟಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ) ದವಡೆ ಬಾತಿತ್ತು. ರೊಟ್ಟಿ ಹಾಳಾಗಿಹೋಗಲಿ, ಕೂಸಿನ ಮುಖ ನೋಡದೆ ಜೀವ ನಿಲ್ಲುತ್ತಿರಲಿಲ್ಲ.

ಅತ್ತೆ ಸುಮಿತ್ರವ್ವನದು ಒಂದೇ ಪಟ್ಟು. "ಐದ ತಿಂಗಳ ತುಂಬೋತನಕ ಬಾಣಂತಿನ್ನ ಕಳಸಂಗಿಲ್ಲ. ಅದರಾಗ ಸಂಜಿ ಆತಂದ್ರ ಕೂಸು ಹೊಟ್ಟಿ ನುಲದಂಗ ಒದರತೈತಿ. ಅಳೂ ಕೂಸಿನ್ನ ಹೆಂಗ ಕಳಸ್ಲಿ?"

"ನಾ ತರೋ ಔಷಧಕ್ಕ ಅಳೂದು ನಿಂತ್ರ?" ಎಂದ ಶಿವಯೋಗಿ.

"ನನ್ನ ಇಂಗಿನ ಪಟ್ಟಿಗೆ ನಿಲ್ಲದ್ದು ನಿಮ್ಮ ಔಷಧಕ್ಕ ನಿಲ್ಲತೈತೇನು? ನಿಂತ್ರ ಅವತ್ತ ಕರಕೊಂಡು ಹೋಗ್ರಿ. ಮಾತಂದ್ರ ಮಾತು!"

ಕೂಸನ್ನು ಮೊದಲೇ ಪರೀಕ್ಷಿಸಿದ್ದ ಗದಗಿನ ಡಾಕ್ಟರು ಪ್ರೊಬಯಾಟಿಕ್ ಹನಿ ಬರೆದುಕೊಟ್ಟರು. "ದಿನಕ್ಕ ಐದ ಹನಿ. ಹೊಟ್ಟಿಗೆ ಬೇಕಾದ ಸೂಕ್ಷ್ಮಜೀವಿ ಈ ಎಣ್ಣಿಯೊಳಗ ಜೀವಂತ ಇರ್ತಾವ, ಬಿಸಿ ತಾಗಿದ್ರ ಸಾಯ್ತಾವ. ಕೆಲವು ಕೂಸಿಗೆ ಗುಣ ಕಾಣತೈತಿ, ಕೆಲವಕ್ಕ ಇಲ್ಲ. ಮೂರ-ನಾಕ ತಿಂಗಳಿಗೆ ಅಳೂದು ತಾನ ಕಡಿಮಿ ಆಗತೈತಿ." ಇದರಲ್ಲಿ 'ಜೀವಂತ', 'ಬಿಸಿ', 'ಗುಣ' ಎಂಬ ಮೂರು ಮಾತು ಶಿವಯೋಗಿಯ ಕಿವಿಗೆ ಬಿದ್ದವು. ಉಳಿದವು ಡಾಕ್ಟರ ಬಳಿಯೇ ಉಳಿದವು.

ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಬಾಟಲಿಯನ್ನು ಪ್ರತಿಷ್ಠಾಪಿಸಿ, ಮಡಿಲಲ್ಲಿಟ್ಟುಕೊಂಡು ಶಿರಹಟ್ಟಿ ಬಸ್ಸು ಹತ್ತಿದ.

"ಏನ್ರಿ ಅದು, ಅಷ್ಟು ಜ್ವಾಕಿ?" ಎಂದ ಕಂಡಕ್ಟರ್.

"ಕೋಟಿಗಟ್ಟಲೆ ಜೀವ ಅದಾವ ಇದರಾಗ! ಮುಂದಿನ ತಿಂಗಳ ಹೆಂಡ್ತಿ, ಕೂಸಿನ್ನ ಇದ ಬಸ್ಸಿನ್ಯಾಗ ಕರಕೊಂಡು ಬರ್ತೇನಿ, ನೋಡಾಕತ್ತಿರು."

"ಜೀವ ಅದಾವಂದ್ರ ಅವಕ್ಕೂ ಟಿಕೀಟು ತಗಸ್ಬೇಕ್ರೆಪಾ!"

ಬಾಟಲಿ ಅತ್ತೆಯ ಕೈ ಸೇರಿತು. "ಫ್ರಿಜ್ಜಿನ್ಯಾಗ ಇಡ್ರಿ" ಎಂದ. "ಆತ್ರಿ" ಎಂದರು ಸುಮಿತ್ರವ್ವ.

ಮೂರು ವಾರ ಕಳೆದ ಮೇಲೆ ಶೈಲಾ ಫೋನು ಮಾಡಿದಳು. "ರೀ, ನಾಕ ದಿನಾತು, ಸಂಜಿಮುಂದ ಕೂಸು ಅಳವಲ್ದು. ನಗತೈತಿ!"

ಶಿವಯೋಗಿ ಅಂಗಡಿಗೆ ಬೀಗ ಜಡಿದು, ಗಡ್ಡ ಹೆರೆದುಕೊಂಡು ವಿಜಯಯಾತ್ರೆ ಹೊರಟ. ಅತ್ತೆ ಮಾತಿಗೆ ತಪ್ಪುವವರಲ್ಲ. ಮಗಳ ಬ್ಯಾಗು ತುಂಬಿ ಬಾಗಿಲಿಗೇ ತಂದಿಟ್ಟಿದ್ದರು. "ನೀವ ಗೆದ್ರಿ ಬಿಡ್ರಿ, ಅಳಿಯಂದ್ರ."

ಗೆದ್ದವನು ಚಹಾ ಕುಡಿದು ಎದ್ದು ಬರಬೇಕಲ್ಲವೇ? ಶಿವಯೋಗಿ ಭಾಷಣಕ್ಕೆ ನಿಂತ. "ವಿಜ್ಞಾನ ಅಂದ್ರ ಇದ ನೋಡ್ರಿ! ನಾ ಹೇಳಿದಂಗ ಫ್ರಿಜ್ಜಿನ್ಯಾಗ ಇಟ್ಟಿದ್ರಿಲ್ಲೊ?"

"ಇಟ್ಟಿದ್ನಿ. ಆದ್ರ ಬಾಣಂತಿ ಖೋಲಿಗೆ ತಣ್ಣಂದು ಒಯ್ಯಾಕ ಬರತೈತೇನು? ದಿನಾ ಬಾಟ್ಲಿನ ಕುದಿಯೋ ನೀರಾಗ ಇಟ್ಟು, ಆಮ್ಯಾಲ ಆರಿಸಿ, ಐದ ಹನಿ ಹಾಕತಿದ್ನಿ."

"ಕುದಿಯೋ ನೀರಾಗ?" ಶಿವಯೋಗಿ ನಿಂತಲ್ಲೇ ಜಿಗಿದ. "ಅಯ್ಯಯ್ಯೋ! ಮೊದಲನೇ ದಿನಾನ ಎಲ್ಲಾ ಸತ್ತು ಹೋಗ್ಯಾವ! ನೀವು ಕುಡಿಸಿದ್ದು ಬರೇ ಎಣ್ಣಿ!"

"ರೀ, ಸುಮ್ನಿರ್ರಿ," ಶೈಲಾ ಕಣ್ಣು ಮಿಟುಕಿಸಿದಳು, ಕೆಮ್ಮಿದಳು, ಕೊನೆಗೆ ತೋಳು ಚಿವುಟಿದಳು.

"ಏನ್ ಸುಮ್ನಿರೂದು? ಸತ್ತ ಜೀವಿ ಎಲ್ಲೆರೆ ಗುಣ ಮಾಡತಾವೇನು? ಖರೆ ಅಂದ್ರ ಖರೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಮಿತ್ರವ್ವ ನಿಧಾನವಾಗಿ ಬ್ಯಾಗನ್ನು ಎತ್ತಿಕೊಂಡರು.

"ಹಂಗಾರ ಅಳು ನಿಂತಿದ್ದು ನಿಮ್ಮ ಔಷಧದಿಂದ ಅಲ್ಲ ಅಂತ ನೀವ ಅಂದಂಗಾತು. ಐದ ತಿಂಗಳ ತುಂಬಿದ ಮ್ಯಾಲ ಬರ್ರಿ, ಅಳಿಯಂದ್ರ."

ಕೂಸು ಶಿವಯೋಗಿಯನ್ನೇ ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು.

ಹೊರಡುವಾಗ ಅತ್ತೆ ಒಂದು ಗಡಿಗೆ ಮೊಸರು ಕೊಟ್ಟರು. "ಇದರಾಗೂ ಜೀವ ಇರ್ತಾವಂತಲ್ರಿ. ರೊಟ್ಟಿ ಜೋಡಿ ಹಚಗೊಂಡು ತಿನ್ರಿ."

ಗದಗಿನ ಬಸ್ಸಿನಲ್ಲಿ ಅದೇ ಕಂಡಕ್ಟರ್. "ಏನ್ರಿ, ಹೆಂಡ್ತಿ, ಕೂಸು ಬರ್ತಾರ ಅಂದಿದ್ರಿ. ಎಷ್ಟು ಟಿಕೀಟು ಕೊಡ್ಲಿ?"

ಶಿವಯೋಗಿ ಗಡಿಗೆಯನ್ನು ಎದೆಗವಚಿಕೊಂಡ. ಜೀವಮಾನದಲ್ಲಿ ಮೊದಲ ಬಾರಿಗೆ ತುಟಿ ಬಿಚ್ಚದೆ, ಒಂದೇ ಬೆರಳು ತೋರಿಸಿದ.