ಬೀಬಮ್ಮನ ಹಡಗು ಮತ್ತು ನಮ್ಮ ವರ್ತಮಾನಪತ್ರ

ಹೆದರಿಕೊಳ್ಳುವುದಕ್ಕೂ ಸ್ವಲ್ಪ ವಿದ್ಯೆ ಬೇಕು ಎಂಬುದು ನನ್ನ ಬಹುದಿನದ ನಂಬಿಕೆ. ಓದು ಬಾರದವರು ಹಾವಿಗೆ ಹೆದರುತ್ತಾರೆ, ಹುಚ್ಚುನಾಯಿಗೆ ಹೆದರುತ್ತಾರೆ, ಹೆಚ್ಚೆಂದರೆ ಹುಣಸೆಮರದ ದೆವ್ವಕ್ಕೆ ಹೆದರುತ್ತಾರೆ. ಅವರ ಭಯವೆಲ್ಲ ಊರ ಸೀಮೆಯೊಳಗೇ ಮುಗಿದುಹೋಗುತ್ತದೆ. ನನ್ನಂಥ ಕಲಿತವನದು ಹಾಗಲ್ಲ. ಇಲಕಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತುಕೊಂಡೇ ನಾನು ಜಪಾನಿನ ಭೂಕಂಪಕ್ಕೆ ನಡುಗಿದ್ದೇನೆ, ರಶಿಯಾ ದೇಶದ ತೋಪುಗಳಿಗೆ ಬೆವರಿದ್ದೇನೆ, ಆಫ್ರಿಕಾದಲ್ಲಿ ಯಾರನ್ನೋ ಸಿಂಹ ತಿಂದದ್ದಕ್ಕೆ ಇಲ್ಲಿ ಒಂದು ಹೊತ್ತು ಊಟ ಬಿಟ್ಟಿದ್ದೇನೆ. ಊಟ ಬಿಟ್ಟ ದಿನ ನಮ್ಮ ಮನೆಯವಳು, "ಸಿಂಹದ ಹೊಟ್ಟಿ ತುಂಬಿತು, ನೀವ್ಯಾಕ ಉಪಾಸ?" ಎಂದು ಕೇಳಿದಳು. ಅವಳಿಗೆ ಓದು ಬರುವುದಿಲ್ಲ, ಹಾಗಾಗಿ ಧೈರ್ಯ ಜಾಸ್ತಿ.

ಇದೆಲ್ಲ ವರ್ತಮಾನಪತ್ರದ ಕೃಪೆ. ನಾನು ಕನ್ನಡ ಸಾಲಿ ಮಾಸ್ತರ. ಧಾರವಾಡದ ಕಡೆಯಿಂದ ವಾರಕ್ಕೊಮ್ಮೆ ಬರುವ ಪತ್ರ ಮೊದಲು ಟಪಾಲು ಕಚೇರಿಯವರ ಮನೆಗೆ ಹೋಗಿ, ಅಲ್ಲಿಂದ ಜವಳಿ ಅಂಗಡಿಗೆ ಹೋಗಿ, ಅಲ್ಲೊಂದಿಷ್ಟು ದಿನ ಗಾದಿಯ ಕೆಳಗೆ ಮಲಗಿ, ಕೊನೆಗೆ ಸಾರಿನ ಕಲೆ ಹೊತ್ತುಕೊಂಡು ನನ್ನ ಕೈಗೆ ಬರುತ್ತಿತ್ತು. ಸುದ್ದಿ ಹಳತಾಗಿದ್ದರೇನು, ನಾವು ಹೌಹಾರುವುದು ಹೊಸದಾಗಿಯೇ. ರವಿವಾರ ಸಂಜೆ ನಾನು ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಓದುವುದು, ಓಣಿಯ ಮಂದಿ ಕೂತು ಕೇಳುವುದು ನಡೆದುಬಂದ ಪದ್ಧತಿ. ಎಲ್ಲರಿಗಿಂತ ಮೊದಲು ಬಂದು ಕೂಡುವವಳು ಪಕ್ಕದ ಮನೆಯ ಬೀಬಮ್ಮ. ಅವಳ ಮಗ ಹುಸೇನಸಾಬ ನೂಲಿಗೆ ಬಣ್ಣ ಹಾಕುವವನು. ಅವನ ಕೈ ಮೊಣಕೈತನಕ ಯಾವಾಗಲೂ ಕೆಂಪು, ಇಲ್ಲವೆ ನೀಲಿ. ಬೀಬಮ್ಮ ಎಲೆ ಅಡಿಕೆ ಕುಟ್ಟುತ್ತ, "ಈ ವಾರ ಯಾರು ಸತ್ರಪಾ ಮಾಸ್ತರ?" ಎಂದು ಸುರುಮಾಡಿಸುತ್ತಿದ್ದಳು. ನಾನು ಯಾರಾದರೊಬ್ಬರನ್ನು ಅವಳಿಗೆ ಒದಗಿಸುತ್ತಿದ್ದೆ. ಅವಳು "ಅಯ್ಯ ಪಾಪ" ಎನ್ನುತ್ತಿದ್ದಳು. ಇಬ್ಬರಿಗೂ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಬೀಬಮ್ಮ ತಾನು ಹಜ್‌ಗೆ ಹೋಗುವವಳೆಂದು ಹೇಳಿದಳು. ಬಾಗಲಕೋಟೆಯಿಂದ ಒಂದು ತಂಡ ಹೊರಟಿದೆ, ಮೊದಲು ಹೋಗಿಬಂದ ಹಿರಿಯರೊಬ್ಬರು ಜೊತೆಗಿದ್ದಾರೆ, ಮಗನೂ ಬರುತ್ತಾನೆ, ಮುಂಬಯಿಯಲ್ಲಿ ಹಡಗು ಹತ್ತುವುದು. ತೀರಿಹೋದ ಗಂಡ ಕೊನೆಯತನಕ ಹೋಗಬೇಕು ಹೋಗಬೇಕು ಎಂದು ಹಂಬಲಿಸಿದ್ದನಂತೆ, ಅವನ ಪಾಲಿನದನ್ನೂ ತಾನೇ ಬೇಡಿಕೊಂಡು ಬರಬೇಕಂತೆ. "ಈ ವರ್ಷ ಹೋದ್ರ ಹೋದಂಗ ಮಾಸ್ತರ. ಮುಂದಿನ ವರ್ಷ ಈ ಮೊಣಕಾಲು ನನ್ನ ಮಾತು ಕೇಳಂಗಿಲ್ಲ" ಎಂದಳು. ಅವಳ ಮುಖ ಮದುವೆಗೆ ಹೊರಟ ಹುಡುಗಿಯ ಮುಖದಂತೆ ಅರಳಿತ್ತು. ನನ್ನ ಎದೆ ಮಾತ್ರ ಧಸಕ್ಕೆಂದಿತು. ಹಡಗು! ಸಮುದ್ರ! ಹುನಗುಂದದ ವಕೀಲರ ಮನೆಯಲ್ಲಿ ಅದೇ ವಾರ ನಾನೊಂದು ಮರಾಠಿ ಪತ್ರ ಓದಿ ಬಂದಿದ್ದೆ. ಅರಬಸ್ತಾನದ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕು ಒಂದು ಹಡಗು ಬಂಡೆಗೆ ಬಡಿದು ಒಡೆದಿತ್ತು. ಕೆಲವರು ಮುಳುಗಿದ್ದರು. ಹಡಗಿನ ಅಡಿಗೆಯವನು ಸಾಕಿದ್ದ ಒಂದು ಆಡು ಮಾತ್ರ ಈಜಿಕೊಂಡು ದಂಡೆ ಸೇರಿತ್ತು. ಇಂಥ ಸುದ್ದಿ ಬಲ್ಲವನು ಬಾಯಿ ಮುಚ್ಚಿಕೊಂಡು ಕೂತರೆ ಅವನು ನೆರೆಮನೆಯವನೇ? ಹೇಳಿಬಿಟ್ಟೆ. ಬೀಬಮ್ಮನ ಕುಟ್ಟಾಣಿ ಗಪ್ಪಾಯಿತು.

ನೀರಿನ ಭಯ ನಮ್ಮ ವಂಶದಲ್ಲೇ ಇದೆಯೆಂದು ಇಲ್ಲಿ ಹೇಳಿಬಿಡಬೇಕು. ನನ್ನ ಸೋದರಮಾವ ಒಮ್ಮೆ ಕೂಡಲಸಂಗಮದಲ್ಲಿ ಹೊಳೆ ದಾಟಲಿಕ್ಕೆ ಹರಿಗೋಲು ಹತ್ತಿದ. ಹತ್ತಿದವನೇ ಕಣ್ಣು ಮುಚ್ಚಿ, ಪಕ್ಕದಲ್ಲಿ ಕೂತ ಗಾಣಿಗರವನ ಧೋತರ ಹಿಡಿದುಕೊಂಡು, ಮನೆದೇವರ ಹೆಸರು ಹೇಳುತ್ತ ಕೂತ. ಬಹಳ ಹೊತ್ತಾದ ಮೇಲೆ, "ನಡಕ್ಕ ಬಂದೇವೇನ್ರಿ?" ಎಂದು ಕೇಳಿದನಂತೆ. ಅಂಬಿಗ, "ಇನ್ನಾ ಹಗ್ಗ ಬಿಚ್ಚಿಲ್ಲರಿ ಯಪ್ಪಾ" ಎಂದನಂತೆ. ಮಾವ ಅಲ್ಲೇ ಇಳಿದು ಮನೆಗೆ ಬಂದ. ಅಂಥವರ ಅಳಿಯ ನಾನು. ಮುದುಕಿಯೊಬ್ಬಳು ಸಮುದ್ರ ದಾಟುತ್ತಾಳೆಂದರೆ ನನ್ನ ಕೈಕಾಲು ತಣ್ಣಗಾಗುವುದು ಸಹಜವಲ್ಲವೆ?

ಎರಡು ವಾರ ಕಳೆದಿರಬೇಕು, ನಮ್ಮ ಕನ್ನಡ ಪತ್ರ ಬಂತು. ಬಿಚ್ಚಿ ನೋಡುತ್ತೇನೆ, ದೇವರೇ, ಅರಬಸ್ತಾನದ ದಾರಿಯಲ್ಲಿ ಮತ್ತೊಂದು ಹಡಗು! ಈ ಸಲ ಬಿರುಗಾಳಿ ಇನ್ನೂ ಜೋರಾಗಿತ್ತು, ಅರ್ಧ ಜನ ಹೋಗಿದ್ದರು. ನಾನು ಒಂದಕ್ಷರ ಬಿಡದೆ ಓದಿದೆ. ಆಡೊಂದು ದಂಡೆ ಸೇರಿದ್ದನ್ನೂ ಓದಿದೆ. ಹುಸೇನಸಾಬ ತನ್ನ ಕೆಂಪು ಕೈಗಳನ್ನು ನೋಡಿಕೊಳ್ಳುತ್ತ, "ಏನ್ರಿ ಮಾಸ್ತರ್ರ, ಆ ಸಮುದ್ರಕ್ಕ ಇದ ಕೆಲಸಾ ಏನ್ರಿ?" ಎಂದ. "ನನಗೇನು ಗೊತ್ತಪಾ, ಅಚ್ಚಾಗೇದ" ಎಂದೆ. ಅಚ್ಚಾದದ್ದು ಸುಳ್ಳಾಗಲಾರದು ಎಂಬುದು ಆಗ ನಮ್ಮೆಲ್ಲರ ತಿಳಿವಳಿಕೆ.

ಮೂರನೆಯ ಹಡಗು ನಮ್ಮ ಮನೆಗೆ ಬೆಲ್ಲದ ಜೊತೆ ಬಂತು. ಕಿರಾಣಿ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಹಾಳೆ ಇನ್ಯಾವುದೋ ಪತ್ರದ್ದು. ಓದಬಲ್ಲವನು ಬೆಲ್ಲ ಬಿಟ್ಟಾನು, ಹಾಳೆ ಬಿಟ್ಟಾನೇ? ಅಂಟಿದ್ದನ್ನು ಬಿಡಿಸಿ ನೋಡಿದರೆ, ಅರಬಸ್ತಾನದ ದಾರಿ, ಬಿರುಗಾಳಿ, ಹಡಗು. ಈ ಸಲ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ! ನಾನು ಹಾಳೆ ಹಿಡಿದುಕೊಂಡು ಬರಿಗಾಲಲ್ಲೇ ಹುಸೇನಸಾಬನ ಬಣ್ಣದ ಭಟ್ಟಿಗೆ ಓಡಿದೆ. ಅವನು ಕೇಳಿದ. ಕುದಿಯುವ ನೀರಿನಲ್ಲಿ ನೂಲಿನ ಲಡಿ ಮರೆತು ನಿಂತ. "ಸಾಕ್ರಿ ಮಾಸ್ತರ್ರ. ನಮ್ಮವ್ವನ್ನ ನಾ ಕೈಯಾರೆ ನೀರಿಗೆ ಹಾಕಂಗಿಲ್ಲ. ಬರಂಗಿಲ್ಲಂತ ಬಾಗಲಕೋಟಿಗೆ ಹೇಳಿ ಕಳಸ್ತೇನಿ" ಎಂದ. ಒಂದು ಮನೆ ಉಳಿಸಿದೆನೆಂಬ ಹೆಮ್ಮೆಯಿಂದ ನಾನು ಮನೆಗೆ ಬಂದೆ.

ಆ ರವಿವಾರ ಬೀಬಮ್ಮ ಕಟ್ಟೆಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಈ ವಾರ ಯಾರು ಸತ್ರು ಅಂತ ಕೇಳಾಕ ಬರಲಿಲ್ಲಲ್ಲಬೇ?" ಎಂದು ಚೇಷ್ಟೆ ಮಾಡಿದೆ. ಅವಳು ತಿರುಗಲಿಲ್ಲ. "ಅವರಿಗೆ ಏನಂತ ಹೇಳ್ಲಪಾ ನಾನು? ದೇವರು ಕರಿದ್ರೂ ಹೋಗಲಿಲ್ಲ ಅಂತ ಅನ್ನಂಗಿಲ್ಲೇನ?" ಎಂದಳು. ತೀರಿಹೋದ ಗಂಡನನ್ನು ನೆನೆದು ಆಡಿದ ಮಾತು ಅದು. ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ದೊಡ್ಡ ಆಘಾತವೇ ಆಯಿತು. ಜೀವ ಉಳಿಸಿದವನ ಮೇಲೆ ಇಂಥ ಮುನಿಸೇ?

ಮನೆಗೆ ಬಂದು ಈ ಕೃತಘ್ನತೆಯ ವಿಚಾರ ಹೇಳಿ, ನಾನು ಮಾಡಿದ್ದು ಸರಿಯೆಂದು ತೋರಿಸಲು ಬೆಲ್ಲದ ಹಾಳೆಯನ್ನು ಮತ್ತೆ ಮೊದಲಿಂದ ಗಟ್ಟಿಯಾಗಿ ಓದಿದೆ. ನಮ್ಮ ಮನೆಯವಳು ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಂತಿತು.

"ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ."

"ಕೇಳು."

"ಆ ಆಡು ಎಷ್ಟು ಸರತೆ ಈಜತೈತ್ರಿ?"

"ಯಾವ ಆಡು?"

"ಅಡಿಗಿಯವನ ಆಡು. ವಕೀಲ್ರ ಮನಿಯಾಗೂ ಈಜಿತು, ಕಟ್ಟಿ ಮ್ಯಾಲೂ ಈಜಿತು, ಈಗ ಬೆಲ್ಲದಾಗೂ ಈಜಾಕತ್ತೈತಿ. ಜಗತ್ತಿನ್ಯಾಗಿನ ಹಡಗಿನ್ಯಾಗೆಲ್ಲಾ ಒಂದೊಂದು ಆಡು ಇರತಾವೇನ್ರಿ?"

ಹಾಳೆ ನೋಡಿದೆ, ಆಡು ಇತ್ತು. ಪೆಟ್ಟಿಗೆಯಿಂದ ಕನ್ನಡ ಪತ್ರ ತೆಗೆದು ನೋಡಿದೆ, ಅಲ್ಲೂ ಆಡು, ಅದೇ ದಂಡೆ. ಅಯ್ಯಯ್ಯೋ! ಹಡಗು ಒಂದೇ! ಮುಂಬಯಿಯ ಯಾವುದೋ ಇಂಗ್ರೇಜಿ ಪತ್ರದಲ್ಲಿ ಒಮ್ಮೆ ಮುಳುಗಿದ್ದಿರಬೇಕು, ಅದನ್ನು ಮರಾಠಿಯವನು ಎತ್ತಿಕೊಂಡಿದ್ದ, ಮರಾಠಿಯವನಿಂದ ಕನ್ನಡದವನು, ಕನ್ನಡದವನಿಂದ ಬೆಲ್ಲದ ಹಾಳೆಯವನು ಎತ್ತಿಕೊಂಡಿದ್ದ, ಒಬ್ಬೊಬ್ಬನೂ ತನ್ನ ಪಾಲಿಗೆ ಒಂದಿಷ್ಟು ಜನರನ್ನು ಹೆಚ್ಚಿಗೆ ಮುಳುಗಿಸಿದ್ದ. ಮನುಷ್ಯರ ಲೆಕ್ಕ ಮೂರು ಪತ್ರಗಳಲ್ಲಿ ಮೂರು ತರಹ, ಆಡಿನ ಲೆಕ್ಕ ಮಾತ್ರ ಒಂದೇ. ಸಂಪಾದಕರೆನಿಸಿಕೊಂಡವರು ಹೀಗೆ ಮಾಡಬಹುದೇ? ಇವರನ್ನು ನಂಬಿ ಓದುವವರ ಗತಿ ಏನು? ನನಗೆ ಎಷ್ಟು ಸಿಟ್ಟು ಬಂತೆಂದರೆ ಅವರಿಗೆಲ್ಲ ಖಾರವಾಗಿ ಬರೆಯಬೇಕೆಂದು ದೌತಿ ತರಿಸಿದೆ. ನಮ್ಮ ಮನೆಯವಳು, "ಅವರಿಗೆ ನಾಳೆ ಬರೀರಿ, ಮೊದಲ ಪಕ್ಕದ ಮನಿಗೆ ಹೋಗ್ರಿ. ಮುದುಕಿ ಊಟಾ ಬಿಟ್ಟಾಳ" ಎಂದು ದೌತಿ ಕಸಿದುಕೊಂಡಳು.

ಹೋದೆ. ಹುಸೇನಸಾಬ ಎಲ್ಲ ಕೇಳಿ, "ಅಂದ್ರ ಒಂದ ಮುಳುಗೇತ್ರಿ?" ಎಂದ. "ಒಂದೇ" ಎಂದೆ. "ಒಂದ ಆದ್ರ ಅಡ್ಡಿಯಿಲ್ಲ ಬಿಡ್ರಿ. ಗಾಡಿನೂ ಒಮ್ಮೊಮ್ಮೆ ಉರುಳ್ತಾವು. ಬರ್ತೇವಂತ ಬಾಗಲಕೋಟಿಗೆ ತಿರುಗಿ ಹೇಳಿ ಕಳಸ್ತೇನಿ" ಎಂದ. ಒಳಗಿನಿಂದ ಬೀಬಮ್ಮ, "ರೊಟ್ಟಿ ಕೊಡ್ರವಾ ಯಾರರ, ಹೊಟ್ಟಿ ಹಸದೈತಿ" ಎಂದು ಸೊಸೆಯನ್ನು ಕೂಗಿದಳು.

ಹೊರಡುವ ಹಿಂದಿನ ದಿನ ಅವಳು ನಮ್ಮ ಬಾಗಿಲಿಗೆ ಬಂದು, ಎರಡೂ ಕೈ ಜೋಡಿಸಿ, "ಮಾಸ್ತರ, ತಪ್ಪು ಒಪ್ಪು ಮಾಫ್ ಮಾಡಪಾ" ಎಂದಳು. ನಾನು ಗಾಬರಿಯಾಗಿ ಎದ್ದು ನಿಂತೆ. ಸಾಯುವವರ ಮಾತು! ಮುದುಕಿ ಒಳಗೊಳಗೆ ಇನ್ನೂ ಮುಳುಗುವ ವಿಚಾರದಲ್ಲೇ ಇದ್ದಾಳೆಂದು ನನ್ನ ಕಣ್ಣಲ್ಲಿ ನೀರೇ ಬಂತು. "ಹಿಂಗೆಲ್ಲಾ ಅನಬ್ಯಾಡಬೇ, ನೀ ತಿರುಗಿ ಬರ್ತೀ" ಎಂದೆ. "ಬರದ ಏನ ಮಾಡ್ಲಿ? ಹಜ್‌ಗೆ ಹೋಗಾವ್ರು ಮನಿ ಮನಿಗೆ ಹೋಗಿ ಮಾಫಿ ಕೇಳಬೇಕಪಾ, ಪದ್ಧತಿ ಐತಿ" ಎಂದು ನಕ್ಕಳು. ನನಗೆ ಗೊತ್ತಿರಲಿಲ್ಲ. ನಮ್ಮ ಓಣಿಯಿಂದ ಹಜ್‌ಗೆ ಹೊರಟವಳು ಅವಳೇ ಮೊದಲನೆಯವಳು. "ನೀ ನನಗೇನು ತಪ್ಪು ಮಾಡೀಯಬೇ?" ಎಂದೆ. "ಮಾಡೇನಪಾ. ನೀ ಆ ಹಡಗಿನ ಸುದ್ದಿ ಓದುವಾಗೆಲ್ಲಾ, ಇವನ ನಾಲಿಗಿಗೆ ಹುಣ್ಣರ ಆಗಬಾರದಾ ಅಂತ ಮನಸಿನ್ಯಾಗ ಬೈದೇನಿ." ನಾನು ಕ್ಷಮಿಸಿದೆ. ಕ್ಷಮಿಸದೆ ಉಪಾಯವೂ ಇರಲಿಲ್ಲ, ನಮ್ಮ ಮನೆಯವಳು ಪಕ್ಕದಲ್ಲೇ ನಿಂತಿದ್ದಳು.

ಹುನಗುಂದ, ಕಮತಗಿ ದಾಟಿ ಬಾಗಲಕೋಟೆಯ ಸ್ಟೇಷನ್ನಿನತನಕ ಚಕ್ಕಡಿಯಲ್ಲಿ ನಾನೂ ಹೋಗಿ ಕಳಿಸಿ ಬಂದೆ. ಆಮೇಲಿನ ತಿಂಗಳುಗಳು ನನಗೆ ಕಠಿಣವಾದವು. ಪತ್ರದಲ್ಲಿ ಹಡಗಿನ ಸುದ್ದಿ ಇದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು, ಇಲ್ಲದಿದ್ದರೆ ಯಾಕೆ ಬರೆದಿಲ್ಲವೆಂದು ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಕಟ್ಟೆಯ ಮೇಲೆ ಓದುವಾಗ ಯಾರು ಸತ್ತರೆಂದು ಮೊದಲು ಕೇಳುವವರು ಯಾರೂ ಇರಲಿಲ್ಲ. ಮಂದಿ ಸಾಯುತ್ತಿದ್ದರು, ಖರೆ, ಆದರೆ "ಅಯ್ಯ ಪಾಪ" ಎನ್ನುವ ದನಿಯಿಲ್ಲದೆ ಅದರಲ್ಲಿ ಸ್ವಾರಸ್ಯವಿರಲಿಲ್ಲ. ಬೀಬಮ್ಮ ಬರದಿದ್ದರೆ ಏನು ಗತಿ ಎಂದು ನಾನು ನಿಜಕ್ಕೂ ಹೆದರಿದ್ದೆ.

ಬಂದಳು. ಬಿಸಿಲಿಗೆ ಕರ್ರಗಾಗಿ, ಸೊರಗಿ, ಆದರೆ ಕಣ್ಣು ಮಿಂಚುತ್ತ ಬಂದಳು. ಓಣಿಯೆಲ್ಲ ಅವರ ಮನೆಯಲ್ಲಿ ಸೇರಿತು. ಎಲ್ಲರ ಕೈಗೂ ಖರ್ಜೂರ ಬಂತು. ನಾನು ಮುಂದೆ ಸರಿದು ಕೂತು, ಬಿರುಗಾಳಿ ಎಷ್ಟು ಜೋರಿತ್ತೆಂದು ಕೇಳಿದೆ. "ಎಲ್ಲೀ ಬಿರುಗಾಳಿಪಾ, ತಂಪಗ ಗಾಳಿ ಬೀಸತಿತ್ತು. ಜೀವಾ ತಿಂದಾಂವಾ ದಾಗತರ" ಎಂದಳು. ನಡುದಾರಿಯ ಒಂದು ದ್ವೀಪದಲ್ಲಿ ಡಾಕ್ಟರರು ಎಲ್ಲರನ್ನೂ ಇಳಿಸಿ, ಅರಿವೆಗಳನ್ನೆಲ್ಲ ಹಬೆಯಲ್ಲಿ ಬೇಯಿಸಿದರಂತೆ. "ನಮ್ಮಿಂದ ಅವರಿಗೆ ಬ್ಯಾನಿ ಅಂಟ್ತೈತಂತ! ನನ್ನ ಸೀರಿನೂ ಕುದಿಸಿದ್ರಪಾ." ಹುಸೇನಸಾಬ ನಡುವೆ ಬಾಯಿ ಹಾಕಿ, "ಬಣ್ಣಾ ಮಾತ್ರ ಬಿಡಲಿಲ್ಲ ನೋಡ್ರಿ" ಎಂದ. ನಾನು ದಂಗಾಗಿ ಕೂತಿದ್ದೆ. ನಮ್ಮಿಂದ ಅವರಿಗೆ ಭಯವೇ?

"ಇನ್ನ ಕೇಳು" ಎಂದಳು ಬೀಬಮ್ಮ. ಮಕ್ಕಾದಲ್ಲಿ ಅವಳ ಪಕ್ಕದ ಕೋಣೆಯಲ್ಲಿ ಮಿಸರ ದೇಶದ, ಅಂದರೆ ಇಜಿಪ್ತಿನ, ಒಬ್ಬ ಮುದುಕಿ ಇಳಿದಿದ್ದಳು. ಮುಂಬಯಿಯವನೊಬ್ಬ ಆ ಭಾಷೆ ಬಲ್ಲವನಿದ್ದ, ಅವನ ಮೂಲಕ ಮಾತು. ಬೀಬಮ್ಮ ತಾನು ಹಿಂದೂಸ್ತಾನದವಳು, ಮುಂಬಯಿ ಇಲಾಖೆಯವಳು ಎಂದದ್ದೇ ತಡ, ಆ ಮುದುಕಿ ಎದೆ ಎದೆ ಬಡಿದುಕೊಂಡು ಅತ್ತಳಂತೆ. ನಮ್ಮ ಕಡೆ ಪ್ಲೇಗಿಗೆ ಮಂದಿ ಇಲಿಗಳ ಹಾಗೆ ಬೀದಿಯಲ್ಲೇ ಬೀಳುತ್ತಾರಂತೆ, ಊರಲ್ಲಿ ದೀಪ ಹಚ್ಚುವವರೂ ಉಳಿದಿಲ್ಲವಂತೆ, ಅವಳ ಮಗ ವಾರವಾರ ಪತ್ರ ಓದಿ ಹೇಳುತ್ತಾನಂತೆ. "ನನ್ನ ಕೈ ಹಿಡಕೊಂಡು, ತಿರುಗಿ ಹೋಗಬ್ಯಾಡ ತಂಗಿ, ಅಂಥಾ ಊರಿಗೆ ಯಾರರ ಹೋಗ್ತಾರಾ, ನಮ್ಮ ಮನ್ಯಾಗ ಇದ್ದುಬಿಡು ಅಂದ್ಳಪಾ. ಬಿಡಿಸಿಕೊಂಡು ಬರೂದ್ರಾಗ ಸಾಕಾತು."

ನಾನು ಎದ್ದೇ ನಿಂತೆ. "ಶುದ್ಧ ಸುಳ್ಳು! ಹ್ವಾದ ವರ್ಷ ಬ್ಯಾನಿ ಬಂದದ್ದು ಖರೆ, ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕಿ ಕುಂತದ್ದು ಖರೆ, ಹ್ವಾದವ್ರು ಹ್ವಾದ್ರು. ಆದ್ರ ದೀಪಾ ಹಚ್ಚಾವ್ರಿಲ್ಲಂದ್ರ ಏನು? ಇಲ್ಲಿ ಮಗ್ಗಾ ಬಡೀತಾವು, ಸಂತಿ ನಡೀತೈತಿ, ಮಂದಿ ಉಣ್ತಾರು, ಜಗಳಾ ಆಡ್ತಾರು. ಇದನ್ನ್ಯಾಕ ಅಚ್ಚು ಹಾಕಂಗಿಲ್ಲ ಅವ್ರು? ಮುದುಕಿಗೆ ಇಂಥಾದ್ದು ಓದಿ ಹೆದರಸ್ತಾನಲ್ಲಾ, ಅವನಿಗೇನು ಬುದ್ಧಿಗಿದ್ಧಿ ಐತೋ ಇಲ್ಲೋ? ಏನ ಉದ್ಯೋಗ ಮಾಡ್ತಾನಂತ ಆ ಶಾಣ್ಯಾ?"

ಬೀಬಮ್ಮ ನನ್ನನ್ನೇ ನೋಡಿದಳು. "ಸಾಲಿ ಮಾಸ್ತರಂತಪಾ" ಎಂದಳು. "ಭಾಳ ಚಲೋ ಹುಡುಗಂತ, ಓದೂದೊಂದು ಬಿಟ್ರ."

ಓಣಿಯೆಲ್ಲ ನಕ್ಕಿತು. ನಮ್ಮ ಮನೆಯವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಾನು ಕೈಯಲ್ಲಿದ್ದ ಖರ್ಜೂರವನ್ನು ಬಾಯಿಗೆ ಹಾಕಿಕೊಂಡೆ. ಬಾಯಲ್ಲಿ ತಿನಿಸು ಇರುವಾಗ ಮಾತಾಡಬಾರದೆಂದು ಸಾಲಿಯಲ್ಲಿ ಹುಡುಗರಿಗೆ ದಿನಾ ಹೇಳುವವನು ನಾನೇ.