ಮೊದಲ ಸುತ್ತಿನಲ್ಲೇ ಸೋತ ಮೊಸರನ್ನ

ನಮ್ಮ ಕಾಕಾ ಮದುವೆಯಾಗದೆ ಉಳಿದದ್ದಕ್ಕೆ ಕಾರಣ ಲಂಡನ್ನೂ ಅಲ್ಲ, ಜಾತಕವೂ ಅಲ್ಲ. ಹೆಣ್ಣು ನೋಡಿ ಬಂದು, ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂದು ಯೋಚಿಸಿ ಅವನು ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಆ ಹೆಣ್ಣಿನ ಮಗನ ಜವಳವೇ ಮುಗಿದಿರುತ್ತಿತ್ತು! ಇಂಥ ಮನುಷ್ಯನ ಮುಂದೆ ಈ ದೇಶದ ಸರಕಾರ ಜನಮತಗಣನೆಯ ಚೀಟಿ ಹಿಡಿದು, "ಹೌದೋ ಇಲ್ಲವೋ, ಎರಡರಲ್ಲಿ ಒಂದು ಹೇಳು" ಎಂದರೆ ಏನಾದೀತು? ಆದದ್ದನ್ನೇ ಹೇಳುತ್ತೇನೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ, ಧಾರವಾಡದವ. ಏಕವಚನ ಕೇಳಿ ಹುಬ್ಬೇರಿಸಬೇಡಿ. ನಮ್ಮ ಕಡೆ ಕಾಕಾನಿಗೆ ಬಹುವಚನ ಹಚ್ಚಿದರೆ ಮನೆಯಲ್ಲಿ ಆಸ್ತಿ ಜಗಳ ನಡೆದಿದೆ ಎಂದೇ ಅರ್ಥ. ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ಫ್ಲಾಟೊಂದರಲ್ಲಿ ಒಬ್ಬನೇ ಇರುತ್ತಾನೆ. ನಿವೃತ್ತನಾಗುವ ತನಕ ಜುಬಿಲಿ ಲೈನಿನಲ್ಲಿ ನೆಲದಡಿಯ ಟ್ಯೂಬ್ ರೈಲು ಓಡಿಸಿದ. ಅವನಿಗೆಂದೇ ಹೇಳಿ ಮಾಡಿಸಿದ ಕೆಲಸ ಅದು. ಎಡಕ್ಕೆ ಹೋಗುತ್ತೀಯೋ ಬಲಕ್ಕೋ ಎಂದು ರೈಲಿನವನನ್ನು ಯಾರಾದರೂ ಕೇಳುತ್ತಾರೆಯೇ? "ಹಸರ ಬಿತ್ತು, ಹೋದೆ. ಕೆಂಪ ಬಿತ್ತು, ನಿಂತೆ. ಇಷ್ಟ ನೋಡವಾ ಜೀವನ" ಎನ್ನುತ್ತಿದ್ದ.

ಅವನದು ಇನ್ನೊಂದು ಹುಚ್ಚು. ಮನೆಯೊಳಗೂ ಬೂಟು ಬಿಚ್ಚುವುದಿಲ್ಲ! ಕೋಟು ತೊಟ್ಟು, ಕಾರಿನ ಕೀಲಿ ಜೇಬಿನಲ್ಲಿಟ್ಟುಕೊಂಡೇ ಟಿವಿ ನೋಡುತ್ತಾನೆ. ಹೀಥ್ರೂ ಏರ್‌ಪೋರ್ಟಿಗೆ ಬುಕ್ ಮಾಡಿದ ಟ್ಯಾಕ್ಸಿ ಕೈಕೊಟ್ಟರೆ ನಾವು ಫೋನ್ ಮಾಡುವುದು ಕಾಕಾನಿಗೆ. ಮಗಳನ್ನು ಶಾಲೆಯಿಂದ ಕರೆತರುವವಳಿಗೆ ಜ್ವರ ಬಂದರೆ ಕಾಕಾ. ಬಾಯ್ಲರ್ ರಿಪೇರಿಯವನಿಗಾಗಿ ಮನೆಯಲ್ಲಿ ಕಾದು ಕೂರಲು ಯಾರಿಗೂ ರಜೆ ಸಿಗದಿದ್ದರೆ ಮತ್ತೆ ಕಾಕಾ. ನಾವಷ್ಟೇ ಅಲ್ಲ, ಪರಿಚಯದ ಕನ್ನಡದ ಮನೆಗಳೆಲ್ಲ ಹೀಗೆಯೇ. ಅವನು ಫೋನ್ ಎತ್ತುತ್ತಲೇ "ಹೊಂಟೆ" ಎನ್ನುತ್ತಾನೆ. ಎಲ್ಲಿಗೆ ಎಂದು ಕೇಳುವುದು ಆಮೇಲೆ!

ಇನ್ನು ಜನಮತಗಣನೆ. ಪಾರ್ಲಿಮೆಂಟಿಗೆ ವೋಟು ಹಾಕುವ ಪದ್ಧತಿಯನ್ನು ಬದಲಿಸಬೇಕೇ ಎಂಬುದು ಪ್ರಶ್ನೆ. ಹಳೆಯದರಲ್ಲಿ ಒಬ್ಬರ ಹೆಸರಿನ ಮುಂದೆ ಗುರುತು ಹಾಕಬೇಕು, ಹೆಚ್ಚು ಬಿದ್ದವರು ಗೆದ್ದರು. ಹೊಸದರಲ್ಲಿ ಒಂದು, ಎರಡು, ಮೂರು ಎಂದು ನಂಬರು ಕೊಡಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬೀಳದಿದ್ದರೆ ಎಲ್ಲರಿಗಿಂತ ಹಿಂದೆ ಬಿದ್ದವರನ್ನು ಹೊರಗೆ ಹಾಕಿ, ಅವರನ್ನು ಮೆಚ್ಚಿದವರ ಎರಡನೇ ನಂಬರು ಯಾರಿಗಿದೆಯೋ ಅವರಿಗೆ ಆ ವೋಟು ಕೊಡುತ್ತಾರೆ. ಹೀಗೆ ಯಾರಾದರೊಬ್ಬರು ಅರ್ಧ ದಾಟುವ ತನಕ.

ಇದನ್ನು ಓದಿದ ದಿನ ಕಾಕಾ ಕುಣಿದಾಡಿಬಿಟ್ಟ. "ಯವ್ವಾ, ಎರಡನೇ ನಂಬರಿಗೂ ಕಿಮ್ಮತ್ತ ಐತಂತ!"

ಅಂದಿನಿಂದ ನಂಬರಿನ ಹುಚ್ಚು ಹಿಡಿಯಿತು. ಚಹಾ ಬೇಕೇ ಎಂದರೆ "ಮೊದಲನೇ ನಂಬರ ಚಹಾ, ಹಾಲ ಇಲ್ಲಾಂದ್ರ ಎರಡನೇದು ಮಜ್ಜಿಗಿ" ಎನ್ನುವುದು. ಜೀಪಿ ಎನ್ನುವ ಇಲ್ಲಿಯ ಬಡಾವಣೆಯ ಡಾಕ್ಟರ ಹತ್ತಿರ ಹೋದವನು, ನೋವೆಲ್ಲಿ ಎಂದು ಕೇಳಿದರೆ, ಮೊದಲನೇ ನಂಬರು ಮೊಣಕಾಲಿಗೆ, ಎರಡನೇದು ಸೊಂಟಕ್ಕೆ, ಮೂರನೇದು ಹೆಗಲಿಗೆ ಎಂದು ಬಂದಿದ್ದ. ಡಾಕ್ಟರು ಎಲ್ಲ ಕೇಳಿಕೊಂಡು ಬಿಪಿ ಮಾತ್ರೆ ಬರೆದುಕೊಟ್ಟರು. "ಬಿಪಿ ಚುನಾವಣಿಗೆ ನಿಂತಾ ಇರಲಿಲ್ಲಲ್ಲವಾ!" ಎಂದು ಕಾಕಾ ವಾರಗಟ್ಟಲೆ ಕೊರಗಿದ.

ಸರಿ, 'ಹೌದು' ಎಂದು ಹಾಕಿ ಬಂದರಾಯಿತಲ್ಲ? ಅಷ್ಟು ಸಲೀಸಾಗಿ ಮುಗಿದರೆ ಅವನು ನಮ್ಮ ಕಾಕಾನೇ ಅಲ್ಲ. ಎರಡೂ ಕಡೆಯ ಕರಪತ್ರಗಳು ಬಾಗಿಲಿಗೆ ಬಂದು ಬೀಳತೊಡಗಿದವು. ಎರಡೂ ಪ್ರಜಾಪ್ರಭುತ್ವವನ್ನು ಉಳಿಸುವಂಥವೇ! ಬೆಳಿಗ್ಗೆ ಫೋನ್ ಮಾಡಿ "ಹೌದ" ಎನ್ನುತ್ತಿದ್ದ, ಮಧ್ಯಾಹ್ನ "ಬ್ಯಾಡ ಬಿಡು" ಎನ್ನುತ್ತಿದ್ದ, ಸಂಜೆ ನಾನು ಟ್ಯೂಬಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಜೋತಾಡುತ್ತಿರುವಾಗ "ಏನ ಮಾಡ್ಲಿ?" ಎಂದು ಮೆಸೇಜು. ಹೊಸ ಪದ್ಧತಿಯ ಪರ ಪ್ರಚಾರಕ್ಕೆ ಬಂದ ಹುಡುಗಿಯೊಬ್ಬಳನ್ನು ಒಳಗೆ ಕೂರಿಸಿ, ಚೂಡಾ, ಚಹಾ ಕೊಟ್ಟು, ಸಂಶಯಗಳನ್ನೆಲ್ಲ ಒಂದೊಂದಾಗಿ ಕೇಳಿದನಂತೆ. 'ಹೌದು' ಅನ್ನಿಸಲು ಬಂದವಳು, ಹೋಗುವಾಗ ತಾನೂ ಇನ್ನೊಮ್ಮೆ ಯೋಚಿಸುತ್ತೇನೆ ಎಂದು ಹೇಳಿ ಹೋದಳು!

ನನಗೂ ತಲೆ ಕೆಟ್ಟಿತು. ಕೆಲಸ, ಮಗಳು, ಅಡುಗೆ, ನಡುವೆ ಈ ಹೌದು-ಇಲ್ಲಗಳ ಜೋಕಾಲಿ. "ಕಾಕಾ, ನಾಣ್ಯರ ಚಿಮ್ಮಿ ನೋಡು" ಎಂದು ರೇಗಿದೆ. "ಚಿಮ್ಮಿದೆ. ಸೋಫಾದ ಬುಡಕ ಹೋತು" ಎಂದ.

ಅಷ್ಟರಲ್ಲಿ ಯುಗಾದಿ ಬಂತು. ಲಂಡನ್ನಿನಲ್ಲಿ ಯುಗಾದಿ ಬರುವುದು ಪಂಚಾಂಗ ನೋಡಿಯಲ್ಲ, ಹಾಲ್ ಸಿಕ್ಕಾಗ. ಊಟದ ವಿಷಯ ಮಾತಾಡಲು ಕನ್ನಡದ ಮನೆಯವರೆಲ್ಲ ವೆಂಬ್ಲಿಯ ನಮ್ಮ ಫ್ಲಾಟಿನಲ್ಲಿ ಸೇರಿದೆವು. ಟೂಟಿಂಗ್‌ನ ಅಡುಗೆಯವರು ಹೋಳಿಗೆಯ ಜೊತೆಗೆ ಒಂದೇ ಒಂದು ಮುಖ್ಯ ಐಟಂ ಮಾಡಿಕೊಡುತ್ತೇವೆ ಎಂದಿದ್ದರು. ಯಾವುದು? ಜೋಳದ ರೊಟ್ಟಿ ಎಂದೆವು ಧಾರವಾಡದ ಕಡೆಯ ನಾವು. ಮೈಸೂರಿನವನಾದ ನನ್ನ ಗಂಡ "ಬಿಸಿಬೇಳೆಬಾತ್ ಇಲ್ದೆ ಎಂಥಾ ಹಬ್ಬಾರೀ!" ಎಂದು ಸೋಫಾದಿಂದ ಎದ್ದೇಬಿಟ್ಟ. ಉಡುಪಿಯವರು ನೀರುದೋಸೆ ಎಂದರು. ನಾಲ್ಕು ನೂರು ದೋಸೆ ಹುಯ್ಯುವವರು ಯಾರು ಮಾರಾಯ್ರೇ?

ಕಾಕಾನ ಕಣ್ಣು ಹೊಳೆಯಿತು. "ತಡೀರಿ, ಹೊಸಾ ಪದ್ಧತಿಯೊಳಗ ವೋಟ ಹಾಕೂಣು!" ಯಾರೂ ಹೇಳದ ನಾಲ್ಕನೇ ಅಭ್ಯರ್ಥಿಯನ್ನು ಅವನೇ ಸೇರಿಸಿದ. ಮೊಸರನ್ನ. ಎಲ್ಲರೂ ನಗುತ್ತ ನಂಬರು ಹಾಕಿದರು. ಕಾಕಾ ಚೀಟಿಗಳನ್ನು ಹರವಿಕೊಂಡು ನೆಲದ ಮೇಲೆ ಎಣಿಸಲು ಕೂತ.

ಮೊದಲ ಸುತ್ತಿನಲ್ಲಿ ಮೊಸರನ್ನಕ್ಕೆ ಒಂದೂ ವೋಟಿಲ್ಲ, ಹೊರಗೆ! ಎರಡನೇ ಸುತ್ತಿನಲ್ಲಿ ನೀರುದೋಸೆ ಹೊರಗೆ. ಕೊನೆಗೆ, ಇಷ್ಟೆಲ್ಲ ಹೋಮ-ಹವನ ಮಾಡಿ ಗೆದ್ದದ್ದು ಯಾವುದು? ಕೈಯೆತ್ತಿಸಿದ್ದರೂ ಗೆಲ್ಲುತ್ತಿದ್ದ ಅದೇ ಬಿಸಿಬೇಳೆಬಾತು! ನನ್ನ ಗಂಡ ಕೋಣೆಯೊಳಗೇ ಒಂದು ವಿಜಯೋತ್ಸವದ ಸುತ್ತು ಹಾಕಿದ.

ಕಾಕಾ ಮಾತ್ರ ಚೀಟಿಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದ. "ಎಲ್ಲಾರದೂ ಎರಡನೇ ನಂಬರ ಮಸರನ್ನ ಐತಿ ನೋಡವಾ" ಎಂದ.

"ನಿಂದ ಮೊದಲನೇದು ಯಾವುದು ಕಾಕಾ?" ಎಂದೆ.

"ರೊಟ್ಟಿ" ಎಂದು ಕಳ್ಳನ ಹಾಗೆ ತಲೆ ತಗ್ಗಿಸಿದ.

ಹಬ್ಬದ ದಿನ ಬಿಸಿಬೇಳೆಬಾತಿನ ಖಾರಕ್ಕೆ ಎಲ್ಲರ ಕಿವಿಯಲ್ಲೂ ಹೊಗೆ. ಕೊನೆಗೆ ಎಲೆಯ ಮುಂದೆ ಕೂತವರೆಲ್ಲ ಒಂದೇ ರಾಗ ಎಳೆದರು. "ಕೊನೇಗೊಂದು ತುತ್ತು ಮೊಸರನ್ನಾನೂ ಇಲ್ವಾ? ಇದೆಂಥಾ ಊಟ!" ವೋಟು ಹಾಕದೆ ಕೈಬಿಟ್ಟವರೂ ಅವರೇ! ಕಾಕಾ ಬಡಿಸುವ ಸೌಟು ಹಿಡಿದು ಎಲ್ಲರ ಎಲೆಗಳನ್ನೇ ನೋಡುತ್ತ ನಿಂತಿದ್ದ. ಆಮೇಲೆ ನನಗೆ ಅವನ ಫೋನುಗಳು ನಿಂತುಹೋದವು. ನೆಮ್ಮದಿಯಾಗಬೇಕಿತ್ತು ನೋಡಿ, ಆಗಲಿಲ್ಲ. ಫೋನ್ ಕೆಟ್ಟಿದೆಯೇ ಎಂದು ಮತ್ತೆ ಮತ್ತೆ ತೆಗೆದು ನೋಡಿಕೊಂಡೆ.

ಜನಮತಗಣನೆಯ ದಿನ ಬೆಳಿಗ್ಗೆ ನನ್ನ ವೋಟು ವೆಂಬ್ಲಿಯಲ್ಲಿ ಹಾಕಿ, ಸಂಜೆ ಕೆಲಸ ಮುಗಿಸಿ ನೇರ ಕ್ವೀನ್ಸ್‌ಬರಿಗೆ ಹೋದೆ. ಇನ್ನೂ ಬಿಸಿಲಿತ್ತು. ಮತಗಟ್ಟೆಯಾಗಿದ್ದ ಚರ್ಚ್ ಹಾಲಿನ ಎದುರಿನ ಬೆಂಚಿನ ಮೇಲೆ ಕಾಕಾ ಕೋಟು ತೊಟ್ಟು ಕೂತಿದ್ದ. ಮಧ್ಯಾಹ್ನದಿಂದ ಅಲ್ಲೇ ಇದ್ದನಂತೆ.

"ಇನ್ನೂ ಹಾಕಿಲ್ಲೇನ?" ಎಂದು ಬೈಯಲೆಂದೇ ಬಾಯಿ ತೆರೆದೆ.

"ಎರಡನೇದವರಿಗೂ ಈ ಹೊಸಾದರಾಗ ಜಾಗ ಐತಿ ಅಂತ ತಿಳಕೊಂಡಿದ್ದೆ. ಎಲ್ಲಾರಿಗೂ ಎರಡನೇದಾಗಿದ್ದ ಮಸರನ್ನನ ಎಲ್ಲಾಕಿಂತ ಮೊದಲ ಹೊರಗ ಹೋತು. ಹಳೇದರಾಗೂ ಇಲ್ಲ, ಹೊಸಾದರಾಗೂ ಇಲ್ಲ."

"ಅಯ್ಯ ಕಾಕಾ, ಮಸರನ್ನದ ಸಲುವಾಗಿ ಇಷ್ಟ್ಯಾಕ?"

"ಮಸರನ್ನದ ಮಾತಲ್ಲವಾ" ಎಂದ. ಬಗ್ಗಿ, ಬಿಚ್ಚಿರದಿದ್ದ ಬೂಟಿನ ಲೇಸನ್ನೇ ಮತ್ತೆ ಕಟ್ಟಿದ. "ನಾನೂ ಹಂಗ ಅಲ್ಲೇನ? ಎಲ್ಲಾರ ಮನ್ಯಾಗೂ ಎರಡನೇ ನಂಬರ. ಟ್ಯಾಕ್ಸಿ ಬರಲಿಲ್ಲಾಂದ್ರ ನಾನು. ಮೊದಲನೇ ನಂಬರ ಯಾರ ಮನ್ಯಾಗೂ ಅಲ್ಲ. ಎಣಸಾಕ ಕುಂತ್ರ ನಾ ಮೊದಲನೇ ಸುತ್ತಿನ್ಯಾಗ ಹೊರಗ." ಹೇಳಿ ನಕ್ಕ.

ಅವನ ಪಕ್ಕದಲ್ಲಿ ಕೂತೆ.

"ಕಾಕಾ, ಮಸರನ್ನಕ್ಕ ನಾ ಯಾಕ ಮೊದಲನೇ ನಂಬರ ಕೊಡಲಿಲ್ಲ ಗೊತ್ತೇನ? ಅದು ಇದ್ದ ಇರ್ತೈತಿ ಅಂತ ತಿಳಕೊಂಡಿದ್ದೆ. ಊಟ ಅಂದಮ್ಯಾಲೆ ಮಸರನ್ನ ಇರಂಗಿಲ್ಲ ಅಂತ ಯಾರರ ಅಂದಕೋತಾರೇನ? ಎಲ್ಲಾರೂ ಹಂಗ ತಿಳಕೊಂಡಿದ್ವಿ. ಇಲ್ಲದ ದಿನ ಗೊತ್ತಾತು."

ಕಾಕಾ ನನ್ನ ಮುಖವನ್ನೇ ನೋಡಿದ. "ಹಂಗಾರ ಅದನ್ನ ಚುನಾವಣಿಗೆ ನಿಲ್ಲಸಿದ್ದ ನನ್ನ ತಪ್ಪು" ಎಂದು ಎದ್ದು ಒಳಗೆ ಹೋದ. ಬೇಗನೇ ಹೊರಗೆ ಬಂದ.

"ಯಾವುದಕ್ಕ ಹಾಕಿದಿ?"

"ಗುಪ್ತ ಮತದಾನ!" ಎಂದ ಠೀವಿಯಿಂದ. ದೇಶ ಆಮೇಲೆ 'ಇಲ್ಲ' ಎಂದಿತು. ಕಾಕಾ ಏನೆಂದನೋ, ಇಂದಿಗೂ ಹೇಳಿಲ್ಲ.

ಆ ಸಂಜೆ ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಬಾಗಿಲಲ್ಲೇ ನಿಲ್ಲಿಸಿ, "ಬೂಟ ಬಿಚ್ಚು" ಎಂದೆ.

"ಯಾರರ ಫೋನ್ ಮಾಡಿದ್ರ?"

"ಮಾಡ್ಲಿ. ಇವತ್ತ ನೀ ಎಲ್ಲೂ ಹೋಗಂಗಿಲ್ಲ."

ಅನುಮಾನಿಸುತ್ತಲೇ ಬೂಟು ಬಿಚ್ಚಿದ. ಕೋಟನ್ನು ನಾನೇ ಕಸಿದು ಗೂಟಕ್ಕೆ ಹಾಕಿದೆ. ರೊಟ್ಟಿ ಇತ್ತು, ಪಲ್ಯ ಇತ್ತು, ಸಾರೂ ಇತ್ತು. ಅವನ ತಾಟಿಗೆ ಮೊದಲು ಮೊಸರನ್ನ ಬಡಿಸಿದೆ.

"ಏ ಹುಚ್ಚಿ, ಇದನ್ನ ಕಡೀಕ ಬಡಸೂದು" ಎಂದ ಕಾಕಾ. ಆದರೆ ತಾಟನ್ನು ಹಿಂದಕ್ಕೆ ಸರಿಸಲಿಲ್ಲ.