ಎಡಗೈಗೆ ಕಿತ್ತೂರು

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಸಲವೂ ದಾರಿ ತಪ್ಪಿದವರಲ್ಲ. ಆದರೆ ಬೈಲಹೊಂಗಲದ ಒಂದು ಇಡೀ ನಾಲ್ಕನೆಯ ವರ್ಗಕ್ಕೆ ದಿಕ್ಕು ತಪ್ಪಿಸಿದರು! ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಇದರಾಚೆಗೆ ಏನು ನಡೆಯಿತೆಂಬುದು ನನಗೆ ಖಚಿತವಿಲ್ಲ. ಎಲ್ಲವನ್ನೂ ಕಣ್ಣಾರೆ ಕಂಡೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ನಿಂತದ್ದು ಚೆನ್ನಾಗಿ ನೆನಪಿದೆ. ಆದರೆ ಕಾಕಾನ ಹೆಂಡತಿ, ನಮ್ಮ ಚಿಗವ್ವ, "ಆ ಬೇವಿನ ಗಿಡಾ ಅದಕೂ ಮೊದಲ ಕಡದಿದ್ರಲ್ಲೋ ತಮ್ಮಾ! ನೀ ಯಾವುದರ ಕೆಳಗ ನಿಂತಿದ್ದಿ?" ಎಂದು ಕೇಳಿದಾಗಿನಿಂದ ಗೊಂದಲಕ್ಕೆ ಬಿದ್ದಿದ್ದೇನೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಪುರಾವೆ ಇಲ್ಲದೆ ಯಾರನ್ನೂ ನಂಬಬೇಡ ಎಂದು ಅಲ್ಲಿ ಕಲಿಸಿದ್ದರು. ಆ 'ಯಾರನ್ನೂ' ಎಂಬುದರಲ್ಲಿ ನಾನೂ ಸೇರಿದ್ದೇನೆಂದು ಮಾತ್ರ ಯಾರೂ ಹೇಳಿರಲಿಲ್ಲ!

ಕಾಕಾ ಪೇಟೆಯ ನಡುವಿನ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದರು. ಎಡ, ಬಲ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಎಲ್ಲಕ್ಕೂ ದಿಕ್ಕು, ದಿಕ್ಕಿಗೊಂದು ಊರು. ಬೈಲಹೊಂಗಲದಿಂದ ಪೂರ್ವಕ್ಕೆ ಸವದತ್ತಿ, ದಕ್ಷಿಣಕ್ಕೆ ಕಿತ್ತೂರು, ಪಶ್ಚಿಮಕ್ಕೆ ಬೆಳಗಾವಿ, ಉತ್ತರಕ್ಕೆ ಗೋಕಾಕ. ಊಟಕ್ಕೆ ಕುಳಿತರೆ, "ಆ ಉಪ್ಪಿನ ಡಬ್ಬಿ ಸ್ವಲ್ಪ ಗೋಕಾಕ ಕಡೆ ಸರಸು" ಎನ್ನುವರು. ಕ್ಷೌರಕ್ಕೆ ಹೋದರೆ ಅಂಗಡಿಯವನು, "ಸರ, ತಲಿ ಒಂಚೂರು ಬೆಳಗಾವಿ ಕಡೆ ಹೊಳ್ಳಸ್ರಿ" ಎನ್ನುತ್ತಿದ್ದ. ಅವನೂ ಅವರ ಶಿಷ್ಯನೇ, ಪಾಪ!

ಒಮ್ಮೆ ರಾಮದುರ್ಗಕ್ಕೆ ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ಕುಳಿತ ಕಾಕಾ ಬಡಿಸುವವನಿಗೆ, "ತಮ್ಮಾ, ಎಲಿಯ ಸವದತ್ತಿ ಕಡೆ ಬದನಿಕಾಯಿ ಹಾಕು" ಎಂದರು. ಅವನು ಸೌಟು ಹಿಡಿದು ಬೆಪ್ಪಾಗಿ ನಿಂತ. ಆಗ ಕಾಕಾನಿಗೂ ಹೊಳೆಯಿತು: ರಾಮದುರ್ಗದವರಿಗೆ ಸವದತ್ತಿ ಪಶ್ಚಿಮಕ್ಕಿದೆ! ಅಂದು ಅವರಿಗೆ ಊಟವೇ ಸೇರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು: "ಸವದತ್ತೀನ ಹೊತ್ತು ಮುಳುಗೋ ಕಡೆ ಇಟಗೊಂಡಾರ. ಈ ಊರಿನ ಮಂದಿ ಹೆಂಗ ಬಾಳೇವು ಮಾಡತಾರೋ!"

ಇನ್ನೊಂದು ವಿಚಿತ್ರ ಅವರ ಮುಖ. ಹೊಲದಲ್ಲಿ ಬಗ್ಗಿ ದುಡಿಯುವ ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಬಿಸಿಲು ಕುತ್ತಿಗೆಯನ್ನು ಸುಟ್ಟಿತ್ತು. ಸೂರಿನ ಕೆಳಗೆ ಪಾಠ ಹೇಳುವ ಈ ಮನುಷ್ಯನಿಗೆ ಕುತ್ತಿಗೆ ಬೆಳ್ಳಗೆ, ಮುಖ ಕಪ್ಪು! ಜೊತೆಗೆ ಸದಾ ಸಣ್ಣಗೆ ಮಾಡಿದ ಕಣ್ಣು.

"ಹಿಂದಿನಿಂದ ನೋಡಿದ್ರ ಸಾಹೇಬ್ರು, ಮುಂದಿನಿಂದ ನೋಡಿದ್ರ ದನಾ ಕಾಯಾಂವ" ಎಂದು ಚಿಗವ್ವ ಕಾಡುತ್ತಿದ್ದಳು. "ನನ್ನ ನೋಡುವಾಗ ಕಣ್ಣು ಯಾಕ ಸಣ್ಣ ಮಾಡತೀರಿ?"

"ನಿನ್ನ ಪ್ರಕಾಶ ತಡಕೊಳ್ಳಾಕ ಆಗವಲ್ದು" ಎನ್ನುತ್ತಿದ್ದರು ಕಾಕಾ.

ಎರಡು ಸಾವಿರದ ಇಸವಿಯ ಈಚೆಗೆ (ಯಾವ ವರ್ಷವೆಂದು ದಯವಿಟ್ಟು ಕೇಳಬೇಡಿ) ಸರಕಾರಕ್ಕೆ ಶಾಲೆಗಳನ್ನು ಅಳೆಯುವ ಹುಕಿ ಬಂತು. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ. ಕೊಟ್ಟ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಆ ದಿನ ಶಾಲೆಯ ಮಾಸ್ತರರು ಒಳಗೆ ಕಾಲಿಡುವಂತಿಲ್ಲ; ಮೇಲ್ವಿಚಾರಣೆಗೆ ಬೇರೆ ಊರಿನವರು. ಕಾಕಾನ ವರ್ಗ ಚೆನ್ನಾಗಿಯೇ ಮಾಡಿತ್ತು, ಒಂದು ಪ್ರಶ್ನೆಯ ಹೊರತು. 'ಸೂರ್ಯ ಹುಟ್ಟುವ ಕಡೆ ಮುಖ ಮಾಡಿ ನಿಂತರೆ ನಿನ್ನ ಎಡಗೈ ಯಾವ ದಿಕ್ಕಿಗಿರುತ್ತದೆ?' ಉತ್ತರ ದಿಕ್ಕಿಗೆ, ಅಲ್ಲವೆ? ಮಕ್ಕಳೆಲ್ಲ ದಕ್ಷಿಣಕ್ಕೆ ಗುರುತು ಹಾಕಿದ್ದರು. ಜಾಣರು, ದಡ್ಡರು, ತನ್ನ ಹೆಸರನ್ನೇ ತಪ್ಪು ಬರೆಯುವವನು, ಒಬ್ಬರೂ ಬಿಡದೆ!

ರಜೆಗೆಂದು ಅವರ ಮನೆಗೆ ಹೋಗಿದ್ದ ನಾನು ರೊಟ್ಟಿ ಮುರಿಯುತ್ತ ತೀರ್ಪು ಕೊಟ್ಟೆ: "ಎಲ್ಲಾರೂ ಸರಿ ಬರದ್ರ ಛಲೋ ಸಾಲಿ ಅಂತಾರ ಕಾಕಾ. ಎಲ್ಲಾರೂ ಒಂದ ತಪ್ಪು ಬರದ್ರ ಕಾಪಿ ಅಂತಾರ. ಇದು ಶಾಸ್ತ್ರ."

"ನಿನ್ನ ಶಾಸ್ತ್ರ ಕಿತ್ತೂರ ಕಡೆ ಇಡು" ಎಂದರು ಕಾಕಾ. ಅಂದು ಅವರ ಕಿತ್ತೂರ ಕಡೆ ಇದ್ದದ್ದು ಮುಸುರೆ ಬಕೀಟು.

ನಗುವ ಸಂಗತಿ ಆಗಿರಲಿಲ್ಲ. ಮೇಲಿನವರೂ ನನ್ನ ಶಾಸ್ತ್ರವನ್ನೇ ಓದಿದ್ದರು. ಕಾಪಿ ಎಂದು ತೀರ್ಮಾನವಾದರೆ ಇಡೀ ವರ್ಗದ ಫಲಿತಾಂಶ ರದ್ದು. ಅಷ್ಟು ಸಣ್ಣ ಮಕ್ಕಳಿಗೆ ಕಳ್ಳರೆಂಬ ಹೆಸರು. ತನಿಖೆಗೆ ಒಬ್ಬ ಅಧಿಕಾರಿ ಶನಿವಾರ ಮುಂಜಾನೆಯೇ ಬಂದರು. ಮುಂದಿನದು ಅರ್ಧ ನಾನು ಕಂಡದ್ದು, ಅರ್ಧ ಚಿಗವ್ವ ಹೇಳಿದ್ದು. ಯಾವ ಅರ್ಧ ಯಾರದೆಂದು ನನಗೂ ತಿಳಿಯದು.

"ಅಂಜಬ್ಯಾಡ್ರಿ. ಯಾರನ್ನ ನೋಡಿ ಬರದೀರಿ?" ಎಂದು ಅಧಿಕಾರಿ ಮಕ್ಕಳನ್ನು ಕೇಳಿದರು.

ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, "ಸರನ್ನ ನೋಡಿ ಬರದೀವ್ರಿ" ಎಂದಳು.

ಮುಗಿಯಿತು ಕಾಕಾನ ಕಥೆ!

"ಸರು ಹೇಳಿಕೊಟ್ರೇನು?"

"ಇಲ್ರಿ. ಕೈ ಮಾಡಿ ತೋರಿಸ್ತಾರ್ರಿ."

"ಪರೀಕ್ಷಾದಾಗ?"

"ಪರೀಕ್ಷಾದಾಗ ಸರು ಇರಲಿಲ್ರಿ. ಕಣ್ಣು ಮುಚ್ಚಿದ್ರ ಕಾಣತಾರ್ರಿ."

ಅಧಿಕಾರಿ ಕಾಕಾನನ್ನು ನೋಡಿದರು. ಕಾಕಾ ಗೋಡೆಯನ್ನು ನೋಡಿದರು. ಕೊನೆಗೆ, "ಅದೇನು ತೋರಿಸ್ತೀರಿ, ನನಗೂ ತೋರಿಸ್ರಿ ಮಾಸ್ತರ" ಎಂದು ಅಧಿಕಾರಿ ಎಲ್ಲರನ್ನೂ ಅಂಗಳಕ್ಕೆ ಕರೆತಂದರು.

ಪ್ರತಿ ಶನಿವಾರದ ಕವಾಯತಿನಲ್ಲಿ ಕಾಕಾ ದಿಕ್ಕು ಕಲಿಸುವ ಪದ್ಧತಿ ಹೀಗಿತ್ತು. ಅವರು ಕಟ್ಟೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಲ್ಲುವುದು. ಮಕ್ಕಳು ಕೆಳಗೆ ಅವರಿಗೆದುರಾಗಿ. ಅಂದೂ ಹಾಗೆಯೇ ನಿಂತರು. "ಗೋಕಾಕ!" ಎಂದು ಕಾಕಾ ಕೈ ಚಾಚಿದರು. ಮಕ್ಕಳ ಕೈಗಳೆಲ್ಲ ಅತ್ತಲೇ ಚಾಚಿದವು. "ಕಿತ್ತೂರು!" ಎಲ್ಲ ಕೈಗಳೂ ಇತ್ತ. "ಸವದತ್ತಿ!" ಕಾಕಾ ನೇರ ಮುಂದಕ್ಕೆ ಚಾಚಿದರೆ ಮಕ್ಕಳು ಹೆಬ್ಬೆಟ್ಟನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿದರು. ಒಂದೂ ತಪ್ಪಿಲ್ಲ!

"ಎಲ್ಲಾ ಬರೋಬ್ಬರಿ ಐತಲ್ರಿ! ಮತ್ತ ಕಾಗದದ ಮ್ಯಾಲ ಹೆಂಗ ತಪ್ಪು?" ಅಧಿಕಾರಿಗೆ ತಲೆ ಕೆಟ್ಟಿತು. ತಾವೇ ಹೋಗಿ ಮಕ್ಕಳ ಸಾಲಿನಲ್ಲಿ ನಿಂತರು. "ಇನ್ನೊಮ್ಮೆ ಅನ್ರಿ."

"ಕಿತ್ತೂರು!"

ಅಧಿಕಾರಿ ಕೈ ಚಾಚಿ, ಚಾಚಿದ ಕೈಯನ್ನು ನೋಡಿಕೊಂಡರು. ಅದರಲ್ಲಿ ವಾಚಿತ್ತು. "ಇದು ಎಡಗೈ ಅಲ್ಲೇನ್ರಿ?... ಮಾಸ್ತರ! ಪ್ರಶ್ನೆದಾಗ ಸೂರ್ಯನ ಕಡೆ ಮುಖಾ ಮಾಡು ಅಂದಾರ. ನಿಮ್ಮ ಹುಡುಗೂರು ಸೂರ್ಯನ ಕಡೆ ಎಂದೂ ಮುಖಾ ಮಾಡೇ ಇಲ್ಲ!"

ಕಾಕಾ ತಮ್ಮ ಎರಡೂ ಕೈಗಳನ್ನು ಒಂದಾದ ಮೇಲೊಂದು ನೋಡಿಕೊಂಡರಂತೆ. ರಾಮದುರ್ಗದ ಪಂಕ್ತಿಯಲ್ಲಿ ಕಂಡ ಅದೇ ಮುಖ.

"ಹಂಗಾದ್ರ ಕಾಪಿ ಅಲ್ಲ ಅಂತ ಬರೀರಿ ಸಾಹೇಬ್ರ. ನಾ ತಪ್ಪು ಕಲಿಸೇನಿ ಅಂತ ಬರೀರಿ."

"ನಿಮಗ ನೋಟಿಸ್ ಬರತೈತಿ."

"ಬರಲಿರಿ. ನೋಟಿಸ್ ನನ್ನ ಹೆಸರಿಗೆ ಬರತೈತಿ. ಕಾಪಿ ಅಂದ್ರ ಅದು ಅವರ ಹೆಸರಿಗೆ ಹತ್ತತೈತಿ."

ಅಧಿಕಾರಿ ಬರೆದುಕೊಂಡರು. ಹೊರಡುವಾಗ, "ಅಲ್ರಿ, ಇಷ್ಟು ವರ್ಷ ಹುಡುಗೂರನ್ನ ಹಿಂಗ್ಯಾಕ ಹೊಳ್ಳಿಸಿ ನಿಲ್ಲಿಸಿದ್ರಿ?" ಎಂದರು.

"ಹಂಗ ರೂಢಿ ಬಿದ್ದೈತ್ರಿ" ಎಂದರು ಕಾಕಾ.

ಮಕ್ಕಳ ಫಲಿತಾಂಶ ಉಳಿಯಿತು. ಕಾಕಾನಿಗೆ ನೋಟಿಸು ಬಂತು. ಊರಿನಲ್ಲಿ ಅವರಿಗೆ 'ಉಲ್ಟಾ ಮಾಸ್ತರ' ಎಂಬ ಹೆಸರೂ ಬಂತು. ನಾನು ಆ ಕಥೆಗೆ ಬೇವಿನ ಮರ ಸೇರಿಸಿ ಗೆಳೆಯರನ್ನು ನಗಿಸುತ್ತ ಬಂದೆ.

ಕಾಕಾ ತೀರಿಕೊಂಡ ಮೇಲೆ ಒಂದು ಶನಿವಾರ ಆ ಶಾಲೆಗೆ ಹೋದೆ, ಬೇವಿನ ಬುಡವಾದರೂ ಸಿಕ್ಕರೆ ನನ್ನ ನೆನಪಿಗೊಂದು ಪುರಾವೆಯಾದೀತೆಂದು. ಬುಡ ಸಿಗಲಿಲ್ಲ. ಅಂಗಳದ ಇನ್ನೊಂದು ತುದಿಗೆ ಹೊಸ ವೇದಿಕೆ ಕಟ್ಟಿದ್ದರು. ಹೊಸ ಮಾಸ್ತರರು ಅದರ ಮೇಲಿದ್ದರು. ಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕವಾಯತಿಗೆ ನಿಂತಿದ್ದರು. ಈಗ ಎಡಗೈಗೆ ಗೋಕಾಕ, ಬಲಗೈಗೆ ಕಿತ್ತೂರು, ಎಲ್ಲ ಸರಿಯಾಗಿದೆ. ಮಕ್ಕಳೆಲ್ಲ ಕಣ್ಣು ಸಣ್ಣ ಮಾಡಿಕೊಂಡಿದ್ದರು. ಕೆಲವರು ಹಣೆಗೆ ಕೈ ಅಡ್ಡ ಹಿಡಿದಿದ್ದರು.

ಕವಾಯತು ಮುಗಿದು ಅವರು ಒಳಗೆ ಹೋದ ಮೇಲೆ ಕಾಕಾನ ಹಳೆಯ ಕಟ್ಟೆಯನ್ನು ಹತ್ತಿ, ಅವರಂತೆ ಪೂರ್ವಕ್ಕೆ ಮುಖ ಮಾಡಿ ನಿಂತೆ. ಕಣ್ಣು ತಾನಾಗಿಯೇ ಮುಚ್ಚಿತು. ಇಳಿದು, ಮಕ್ಕಳು ನಿಲ್ಲುತ್ತಿದ್ದ ಜಾಗದಲ್ಲಿ ಕಟ್ಟೆಯ ಕಡೆ ತಿರುಗಿ ನಿಂತೆ.

ಈ ಬರಹದಲ್ಲಿ ಉಳಿದದ್ದನ್ನೆಲ್ಲ ನೀವು ಸಂಶಯದಿಂದಲೇ ಓದಿಕೊಳ್ಳಿ. ಇದೊಂದನ್ನು ಮಾತ್ರ ನಾನೇ ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದೇನೆ: ಶನಿವಾರ ಮುಂಜಾನೆ ಆ ಅಂಗಳದಲ್ಲಿ ಬಿಸಿಲು ಕಟ್ಟೆಯ ಮೇಲಿನವನಿಗೆ ನೇರ ಕಣ್ಣಿಗೇ ಬೀಳುತ್ತದೆ, ಎದುರಿಗೆ ನಿಂತವರಿಗೆ ಬೆನ್ನಿಗಷ್ಟೇ.